ಹಾರದ ವಿಮಾನದ ಸುಳ್ಳು ತೂಕ

ನನ್ನ ಕಂಪ್ಯೂಟರಿನಲ್ಲಿ ಒಂದು ವಿಮಾನವಿದೆ. ಬೋಯಿಂಗ್ 2707. ಉದ್ದ 93 ಮೀಟರ್, ಬಾಲದ ಕೆಳಗೆ ನಾಲ್ಕು ಎಂಜಿನ್ನು, ಬೇಕೆಂದಾಗ ಹಿಂದಕ್ಕೆ ಸರಿದುಕೊಳ್ಳುವ ರೆಕ್ಕೆ. ಶಬ್ದದ 2.7 ಪಟ್ಟು ವೇಗದಲ್ಲಿ ಹೋಗಬೇಕಾಗಿದ್ದ, ಆದರೆ ಒಂದೇ ಒಂದೂ ತಯಾರಾಗದ ಪ್ರಯಾಣಿಕರ ವಿಮಾನ. ಕಳೆದ ಮಳೆಗಾಲದ ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟು, ಹಳೆಯ ನಕ್ಷೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಫ್ಲೈಟ್ ಸಿಮ್ಯುಲೇಟರಿಗಾಗಿ ಕಟ್ಟಿದೆ. ಮೈಗೆ ಏರ್ ಇಂಡಿಯಾದ ಕೆಂಪು ಬಳಿದೆ. 747ಕ್ಕೆ ಬರೆದಿದ್ದರಲ್ಲ, ಹಾಗೆ ಪ್ರತಿ ಕಿಟಕಿಗೂ ಜರೋಖಾದ ಕಮಾನು ಬರೆದೆ. ಈ ಬಣ್ಣ ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. 1964ರಲ್ಲಿ ಏರ್ ಇಂಡಿಯಾ ಎರಡು ಕಾಂಕಾರ್ಡ್‌ಗಳಿಗೆ ಜಾಗ ಕಾದಿರಿಸಿತ್ತು. 2707ಕ್ಕೆ ಕಾದಿರಿಸಿದ್ದ ಕಂಪನಿಗಳ ಪಟ್ಟಿಯಲ್ಲೂ ಅದರ ಹೆಸರಿತ್ತು.

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಸಾಂತಾಕ್ರೂಜಿನಿಂದ ಎದ್ದು ಮೂರೂಕಾಲು ಗಂಟೆಯಲ್ಲಿ ಲಂಡನ್ನಿಗೆ ಇಳಿದೆ. ಟ್ಯಾಂಕಿನಲ್ಲಿ ಇನ್ನೂ ಇಂಧನ ಮಿಕ್ಕಿತ್ತು. ಆ ಖುಷಿಯಲ್ಲಿ ಹೈದರಾಬಾದಿನ ಗೆಳೆಯನಿಗೆ ಫೋನು ಮಾಡಿ ನಿದ್ದೆ ಕೆಡಿಸಿದ್ದೂ ಆಯಿತು.

ಎರಡು ದಿನ ಕಳೆದು ಲೆಕ್ಕ ಹಾಕಿ ನೋಡಿದಾಗ ಖುಷಿ ಇಳಿಯಿತು. ಮುಂಬೈಯಿಂದ ಲಂಡನ್ನಿಗೆ ನೇರ ಗೆರೆ ಎಳೆದರೂ ಸುಮಾರು 7200 ಕಿಲೋಮೀಟರ್. 2707ರಿಂದ ಅಮೆರಿಕ ಸರ್ಕಾರ ಕೇಳಿದ್ದು 6400 ಕಿಲೋಮೀಟರಿನ ಆಸುಪಾಸು. ಅದೂ ಕೇಳಿದ್ದು ಮಾತ್ರ, ಸಿಕ್ಕಿದ್ದಲ್ಲ. ಹೊರಳುವ ರೆಕ್ಕೆಯ ಮಾದರಿ ಸಾಕಷ್ಟು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟುವುದೇ ಕಷ್ಟ ಎಂದು ಗೊತ್ತಾಗಿಯೇ ಅದನ್ನು ಬಿಟ್ಟರು. ಹಾಗಾದರೆ ನಾನು ಹಾರಿಸಿದ್ದು ಯಾವ ವಿಮಾನ? ಹೊರಗೆ 2707ರ ಚರ್ಮ, ಒಳಗೆ ನನ್ನ ಆಸೆ.

ಈ ಹವ್ಯಾಸದಲ್ಲಿರುವ ಬಹುಪಾಲು ಜನ ಮಾಡುತ್ತಿರುವುದು ಇದನ್ನೇ, ಮತ್ತು ಹಾಗೆ ಮಾಡಬಾರದು ಎಂಬುದು ನನ್ನ ವಾದ. ಹುಟ್ಟದೇ ಹೋದ ವಿಮಾನವನ್ನು ಮತ್ತೆ ಕಟ್ಟುವುದಾದರೆ, ಅದು ಯಾವ ಕಾಯಿಲೆಯಿಂದ ಹೋಯಿತೋ ಆ ಕಾಯಿಲೆಯನ್ನೂ ಸೇರಿಸಿಯೇ ಕಟ್ಟಬೇಕು. ಇಲ್ಲದಿದ್ದರೆ ನಾವು ಕಟ್ಟುತ್ತಿರುವುದು ವಿಮಾನವನ್ನಲ್ಲ, ಮಾರಾಟಗಾರರ ಕರಪತ್ರವನ್ನು.

2707ರ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದೆ ಹೋಗಬೇಕು. 1963ರ ಜೂನ್ 5ರಂದು ಅಧ್ಯಕ್ಷ ಕೆನಡಿ ಅಮೆರಿಕವೂ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ಕಟ್ಟುತ್ತದೆ ಎಂದು ಘೋಷಿಸಿದರು. ಬ್ರಿಟನ್ ಮತ್ತು ಫ್ರಾನ್ಸ್ ಆಗಲೇ ಕಾಂಕಾರ್ಡ್‌ಗೆ ಕೈ ಹಾಕಿದ್ದವು. ತಮ್ಮದೇ ದೇಶದ ಪ್ಯಾನ್ ಆಮ್ ಅದಕ್ಕೆ ಕಾದಿರಿಸಲು ಹೊರಟದ್ದು ವಾಷಿಂಗ್ಟನ್ನಿಗೆ ನುಂಗಲಾರದ ತುತ್ತಾಗಿತ್ತು. ಕಾಂಕಾರ್ಡ್‌ನದು ಶಬ್ದದ ಎರಡು ಪಟ್ಟು ವೇಗ, ನೂರರ ಆಸುಪಾಸು ಜನ, ಅಲ್ಯೂಮಿನಿಯಂ ಮಿಶ್ರಲೋಹದ ಮೈ. ಅಮೆರಿಕಕ್ಕೆ 2.7 ಪಟ್ಟು ವೇಗ ಬೇಕು, ಅದರ ಎರಡು ಮೂರು ಪಟ್ಟು ಜನ ಬೇಕು. ಅಷ್ಟು ವೇಗದಲ್ಲಿ ಗಾಳಿಯ ತಿಕ್ಕಾಟಕ್ಕೆ ಮೈ ಕಾಯುವ ಬಿಸಿಯಲ್ಲಿ ಅಲ್ಯೂಮಿನಿಯಂ ಸೊರಗುತ್ತದೆ, ಆದ್ದರಿಂದ ಟೈಟಾನಿಯಂ. ಲಾಕ್‌ಹೀಡ್ ಕಂಪನಿ ಸ್ಥಿರವಾದ ಡೆಲ್ಟಾ ರೆಕ್ಕೆಯ ಎಲ್-2000 ಮುಂದಿಟ್ಟಿತು. ಬೋಯಿಂಗ್ ಹೊರಳುವ ರೆಕ್ಕೆಯದನ್ನು ಮುಂದಿಟ್ಟಿತು. 1966ರ ಕೊನೆಯ ದಿನ ಬೋಯಿಂಗ್ ಗೆದ್ದಿತು. ಅಭಿವೃದ್ಧಿಯ ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರದ್ದೇ. 26 ವಿಮಾನ ಕಂಪನಿಗಳು 122 ವಿಮಾನಗಳಿಗೆ ಜಾಗ ಕಾದಿರಿಸಿದವು.

ಹೊರಳುವ ರೆಕ್ಕೆಯ ಆಸೆ ಯಾಕೆ ಹುಟ್ಟಿತೆಂದು ಅರ್ಥವಾಗುತ್ತದೆ. ಇಳಿಯುವಾಗ ರೆಕ್ಕೆ ಅಗಲವಾಗಿ ಚಾಚಿರಬೇಕು, ಆಗ ನಿಧಾನವಾಗಿ ಬರಬಹುದು. ಶಬ್ದವನ್ನು ಮೀರಿ ಓಡುವಾಗ ಅದು ಬಾಣದಂತೆ ಹಿಂದಕ್ಕೆ ಮಡಿಚಿರಬೇಕು. ಬೋಯಿಂಗಿನ ರೆಕ್ಕೆ ಇಳಿಯುವಾಗ 20 ಡಿಗ್ರಿ, ಪೂರ್ಣ ವೇಗದಲ್ಲಿ 72 ಡಿಗ್ರಿ ಹಿಂದಕ್ಕೆ ವಾಲುತ್ತಿತ್ತು. ಪೂರ್ತಿ ಹಿಂದೆ ಬಂದಾಗ ಬಾಲದ ರೆಕ್ಕೆಗೆ ತಾಗಿಕೊಂಡು ಎರಡೂ ಸೇರಿ ಒಂದೇ ತ್ರಿಕೋನ. ಕಾಗದದ ಮೇಲೆ ಇದಕ್ಕಿಂತ ಚೆಂದದ ವಿಮಾನ ನಾನು ನೋಡಿಲ್ಲ. ಆದರೆ ಮುನ್ನೂರು ಟನ್ನಿನ ವಿಮಾನವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಬಲವೆಲ್ಲ ಎರಡು ಕೀಲುಗಳ ಮೂಲಕವೇ ಹೋಗಬೇಕು. ಆ ಕೀಲು ಗಟ್ಟಿಯಾಗಬೇಕು, ಗಟ್ಟಿಯಾದರೆ ಭಾರ. ಭಾರ ಹೆಚ್ಚಿದರೆ ಇಂಧನ ಹೆಚ್ಚು, ಇಂಧನ ಹೆಚ್ಚಿದರೆ ಮತ್ತೆ ಭಾರ. ರೆಕ್ಕೆ ಹಿಂದೆ ಸರಿದಾಗ ಎತ್ತುವ ಬಲದ ಕೇಂದ್ರವೂ ಹಿಂದೆ ಸರಿಯುತ್ತದೆ, ಮೂಗು ಕೆಳಗೆ ಬಾಗುತ್ತದೆ. ಸಮತೋಲದ ತೊಂದರೆಗೆಂದು ಮೂಗಿನ ಬಳಿ ಇನ್ನೊಂದು ಜೊತೆ ಪುಟ್ಟ ರೆಕ್ಕೆ ಹಚ್ಚಿದರು, ಅದೂ ಭಾರವೇ. 1968ರ ಅಕ್ಟೋಬರಿನಲ್ಲಿ ಬೋಯಿಂಗ್ ಹೊರಳುವ ರೆಕ್ಕೆಯನ್ನು ಕೈಬಿಟ್ಟು ಸ್ಥಿರ ಡೆಲ್ಟಾ ರೆಕ್ಕೆಗೆ ಬಂತು. ಅಂದರೆ ಸ್ಪರ್ಧೆಯಲ್ಲಿ ಸೋತ ಲಾಕ್‌ಹೀಡ್ ಹೇಳಿದ್ದ ದಾರಿಗೇ.

ಈಗ ಸಿಮ್ಯುಲೇಟರಿಗೆ ಬನ್ನಿ. ಬ್ಲೆಂಡರಿನಲ್ಲಿ ರೆಕ್ಕೆಯ ಬುಡಕ್ಕೆ ಒಂದು ತಿರುಗುಬಿಂದು ಇಟ್ಟು, 20ರಿಂದ 72 ಎಂದು ಬರೆದರೆ ರೆಕ್ಕೆ ಹೊರಳುತ್ತದೆ. ಅರ್ಧ ಗಂಟೆಯ ಕೆಲಸ. ಬೋಯಿಂಗಿನ ಎಂಜಿನಿಯರುಗಳು ಎರಡು ವರ್ಷ ಗುದ್ದಾಡಿ ಕೈಚೆಲ್ಲಿದ ಕೀಲು ನನ್ನ ವಿಮಾನದಲ್ಲಿ ಗ್ರಾಮಿನಷ್ಟೂ ತೂಗುವುದಿಲ್ಲ. ವಿಮಾನದ ಖಾಲಿ ತೂಕ ಎಂಬುದು ಒಂದು ಕಡತದಲ್ಲಿ ಒಂದೇ ಒಂದು ಅಂಕಿ. ಅಲ್ಲಿ ನಾನು ಕರಪತ್ರದ ಅಂಕಿ ಹಾಕಿದ್ದೆ. ಎಲ್ಲರೂ ಅದನ್ನೇ ಹಾಕುತ್ತಾರೆ, ಯಾಕೆಂದರೆ ಸುಲಭವಾಗಿ ಸಿಗುವುದು ಅದೇ. ವಿಮಾನವನ್ನು ಕೊಂದ ಅಂಕಿ ಅದೇ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ.

ಇದರ ಒಳಗುಟ್ಟು ಸ್ವಲ್ಪ ಹೇಳಬೇಕು. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರಿನಲ್ಲಿ ವಿಮಾನದ ಹಾರಾಟವನ್ನು ಲೆಕ್ಕ ಹಾಕುವ ಒಂದಕ್ಕಿಂತ ಹೆಚ್ಚು ಯಂತ್ರಗಳಿವೆ. ಅವುಗಳಲ್ಲೊಂದು ಯಾಸಿಮ್. ಅದಕ್ಕೆ ನೀವು ರೆಕ್ಕೆ ಎಲ್ಲಿದೆ, ಎಷ್ಟು ಉದ್ದ, ಎಂಜಿನ್ ಎಲ್ಲಿ ಎಂದು ಹೇಳುತ್ತೀರಿ. ಜೊತೆಗೆ ಇಷ್ಟು ಎತ್ತರದಲ್ಲಿ ಇಷ್ಟು ವೇಗದಲ್ಲಿ ಹೋಗುತ್ತದೆ, ಇಷ್ಟು ವೇಗದಲ್ಲಿ ಇಳಿಯುತ್ತದೆ ಎಂದೂ ಹೇಳುತ್ತೀರಿ. ಆ ಮಾತು ನಿಜವಾಗಬೇಕಾದರೆ ಗಾಳಿಯ ಎಳೆತ ಎಷ್ಟಿರಬೇಕು, ಎತ್ತುವ ಬಲ ಎಷ್ಟಿರಬೇಕು ಎಂದು ಅದು ತಾನೇ ಹಿಂದುಮುಂದಾಗಿ ಲೆಕ್ಕ ಕಟ್ಟುತ್ತದೆ. ಪುಟ್ಟ ಸೆಸ್ನಾ ವಿಮಾನಕ್ಕೆ ಇದು ಒಳ್ಳೆಯ ಉಪಾಯ, ಯಾಕೆಂದರೆ ಅದರ ವೇಗವನ್ನು ಜನ ಅಳೆದು ನೋಡಿದ್ದಾರೆ. ಹಾರದ ವಿಮಾನಕ್ಕೆ? ಕರಪತ್ರದಲ್ಲಿ ಬರೆದ ವೇಗವನ್ನು ಒಳಗೆ ಹಾಕಿದರೆ ಅದೇ ವೇಗ ಹೊರಗೆ ಬರುತ್ತದೆ. ಆಮೇಲೆ ನಾವು ಪರದೆಯ ಮುಂದೆ ಕುಳಿತು, ನೋಡಿ, ಬೋಯಿಂಗ್ ಹೇಳಿದ್ದು ಸರಿಯಾಗಿಯೇ ಇತ್ತು ಎನ್ನುತ್ತೇವೆ. ಉತ್ತರಪತ್ರಿಕೆ ಬರೆದವನೇ ಅದನ್ನು ತಿದ್ದಿ ನೂರಕ್ಕೆ ನೂರು ಕೊಟ್ಟುಕೊಂಡ ಹಾಗೆ.

ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರಿನವರು ಇದನ್ನು ಕೇಳಿ ಮೀಸೆ ತಿರುವಬಹುದು. ಅದರಲ್ಲಿ ವಿಮಾನದ ಆಕಾರ ಕೊಟ್ಟರೆ ಸಾಕು, ರೆಕ್ಕೆಯನ್ನು ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ ಪ್ರತಿಯೊಂದರ ಮೇಲೂ ಗಾಳಿ ಎಷ್ಟು ಬಲ ಹಾಕುತ್ತದೆ ಎಂದು ಹಾರಾಟದುದ್ದಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಇದು ಹೆಚ್ಚು ಪ್ರಾಮಾಣಿಕವಾದ ದಾರಿ, ಒಪ್ಪುತ್ತೇನೆ. ಆದರೆ ಅಪಾಯವೂ ಇಲ್ಲಿಯೇ ಹೆಚ್ಚು. ಕಂಪ್ಯೂಟರೇ ಹಾರುತ್ತದೆ ಎಂದಿತು ಎಂಬ ಧೈರ್ಯ ಬಂದುಬಿಡುತ್ತದೆ. ನಿಧಾನವಾಗಿ, ಮೂಗೆತ್ತಿಕೊಂಡು ಬರುವ ಡೆಲ್ಟಾ ರೆಕ್ಕೆಯ ಮೇಲೆ ಗಾಳಿ ಸುಳಿಗಟ್ಟುತ್ತದೆ. ಕಾಂಕಾರ್ಡ್ ಇಳಿಯುತ್ತಿದ್ದುದು ಆ ಸುಳಿಗಳ ಬಲದ ಮೇಲೆ. ಪಟ್ಟಿ ಹಚ್ಚಿ ಲೆಕ್ಕ ಹಾಕುವ ವಿಧಾನಕ್ಕೆ ಅದು ಸುಲಭದ ತುತ್ತಲ್ಲ. ಶಬ್ದದ ವೇಗ ದಾಟಿದ ಮೇಲಿನ ಗಾಳಿಯಂತೂ ಬೇರೆಯೇ ಲೋಕ. ಮತ್ತೆ, ಖಾಲಿ ತೂಕ? ಅದನ್ನು ಎಕ್ಸ್-ಪ್ಲೇನಿನಲ್ಲೂ ನಾವೇ ಬರೆಯಬೇಕು.

ಹಾಗೆಂದು ಇದೆಲ್ಲ ಸುಳ್ಳು ಎಂದು ಗಂಟುಮೂಟೆ ಕಟ್ಟುವವನಲ್ಲ ನಾನು. ನಕ್ಷೆಯಿಂದ ನೇರವಾಗಿ ಬಂದದ್ದು ನಿಜವೇ, ಅದು ಕಲಿಸುವುದೂ ನಿಜವೇ. 93 ಮೀಟರಿನ ವಿಮಾನವನ್ನು ಇವತ್ತಿನ ಮುಂಬೈ ನಿಲ್ದಾಣದಲ್ಲಿ ನಿಲ್ಲಿಸಲು ಹೋದೆ. ಮೂಗು ಗೇಟಿಗೆ ತಾಗಿದರೂ ಬಾಲ ಹಿಂದಿನ ದಾರಿಯ ಮೇಲೆ ಚಾಚಿಕೊಂಡಿತ್ತು. ದೊಡ್ಡ ವಿಮಾನ ನಿಲ್ದಾಣಗಳು ಈಗ ಒಂದು ವಿಮಾನಕ್ಕೆ ಕೊಡುವುದು ಉದ್ದಕ್ಕೂ ಅಗಲಕ್ಕೂ 80 ಮೀಟರಿನ ಚೌಕ; ಏರ್‌ಬಸ್ ಎ380 ಆ ಚೌಕದೊಳಗೆ ಹಿಡಿಯುವಂತೆಯೇ ರೂಪುಗೊಂಡಿತು. ಈ ಸಂಗತಿಯನ್ನು ನಾನು ಎಲ್ಲೋ ಓದಿದ್ದೆ, ಆದರೆ ಅರ್ಥವಾದದ್ದು ನನ್ನ ವಿಮಾನದ ಬಾಲ ಇನ್ನೊಬ್ಬರ ದಾರಿಗೆ ಅಡ್ಡ ನಿಂತಾಗ. ಮುಂದಿನ ಚಕ್ರ ಮತ್ತು ಪೈಲಟ್ ಕೂರುವ ಜಾಗದ ನಡುವೆ ಎಷ್ಟು ಅಂತರವಿದೆ, ತಿರುವಿನಲ್ಲಿ ಪೈಲಟ್ ಹುಲ್ಲಿನ ಮೇಲೆ ತೇಲಿಹೋದ ಮೇಲೆ ಚಕ್ರ ತಿರುಗಬೇಕು ಎಂಬುದೂ ಹಾಗೆಯೇ. ಪುಸ್ತಕ ಇದನ್ನು ಹೇಳಬಲ್ಲದು, ಮಾಡಿಸಲಾರದು. ಆಕಾರದ ವಿಷಯದಲ್ಲಿ ಸಿಮ್ಯುಲೇಟರ್ ಒಳ್ಳೆಯ ಸಾಕ್ಷಿ. ತೂಕ, ಇಂಧನ, ದುಡ್ಡು ಇವುಗಳ ವಿಷಯದಲ್ಲಿ ಅದು ಹೇಳಿಕೊಟ್ಟ ಸಾಕ್ಷಿ.

ಇನ್ನೊಂದು ವಿಷಯದಲ್ಲಿ ಅದು ಪೂರ್ತಿ ಮೂಕ. ಕೆಳಗೆ ಜನರಿದ್ದಾರೆ ಎಂಬ ವಿಷಯದಲ್ಲಿ.

1964ರ ಫೆಬ್ರವರಿಯಿಂದ ಜುಲೈವರೆಗೆ ಅಮೆರಿಕ ಸರ್ಕಾರ ಓಕ್ಲಹೋಮಾ ಸಿಟಿಯ ಮೇಲೆ ಬೇಕೆಂದೇ ಸೂಪರ್‌ಸಾನಿಕ್ ಯುದ್ಧವಿಮಾನಗಳನ್ನು ಹಾರಿಸಿತು. ಶಬ್ದವನ್ನು ಮೀರಿ ಹೋಗುವ ವಿಮಾನ ತನ್ನ ದಾರಿಯುದ್ದಕ್ಕೂ ಸಿಡಿಲಿನಂಥ ಸದ್ದನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತದಲ್ಲ, ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೋ ನೋಡೋಣ ಎಂದು. ಆರು ತಿಂಗಳಲ್ಲಿ 1253 ಸಿಡಿತ. ಕಿಟಕಿಗಳು ಒಡೆದವು, ಸಾವಿರಾರು ದೂರುಗಳು ಬಂದವು, ಕೊನೆಗೆ ಸುಮಾರು ಕಾಲು ಭಾಗ ಜನ ಇದರೊಂದಿಗೆ ಬದುಕಲಾಗದು ಎಂದರು. ಮುಕ್ಕಾಲು ಭಾಗ ಒಪ್ಪಿದರಲ್ಲ ಎಂದು ಬೀಗಿದವರೂ ಇದ್ದರು. ಆದರೆ ವಿಮಾನ ನಿಲ್ದಾಣ ಮತ್ತು ವಿಮಾನದ ನೌಕರಿಗಳನ್ನೇ ನಂಬಿದ ಊರದು. ಅಲ್ಲೇ ಹೀಗಾದರೆ ಉಳಿದ ಕಡೆ ಹೇಗೆ ಎಂಬ ಪ್ರಶ್ನೆ ಬೋಯಿಂಗನ್ನು ಕೊನೆಯವರೆಗೂ ಬಿಡಲಿಲ್ಲ. 1973ರಲ್ಲಿ ಅಮೆರಿಕ ನೆಲದ ಮೇಲೆ ನಾಗರಿಕ ವಿಮಾನಗಳ ಸೂಪರ್‌ಸಾನಿಕ್ ಹಾರಾಟವನ್ನೇ ನಿಷೇಧಿಸಿತು. (ಈ ವಿಮಾನದ ಹೆಮ್ಮೆಯಲ್ಲಿ ಸಿಯಾಟಲ್ ತನ್ನ ಬಾಸ್ಕೆಟ್‌ಬಾಲ್ ತಂಡಕ್ಕೆ ಸೂಪರ್‌ಸಾನಿಕ್ಸ್ ಎಂದು ಹೆಸರಿಟ್ಟುಕೊಂಡಿತ್ತು. ವಿಮಾನ ಹೋಯಿತು, ತಂಡ ಉಳಿಯಿತು. 2008ರಲ್ಲಿ ಆ ತಂಡವೂ ಊರು ಬಿಟ್ಟಿತು. ಹೋಗಿದ್ದು ಓಕ್ಲಹೋಮಾ ಸಿಟಿಗೆ, ಇಟ್ಟುಕೊಂಡ ಹೊಸ ಹೆಸರು ಥಂಡರ್. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.)

ನಮ್ಮ ದೇಶವೂ ಈ ಕಥೆಯಲ್ಲಿದೆ. 1977ರ ಡಿಸೆಂಬರಿನಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸಿಂಗಪುರ್ ಏರ್‌ಲೈನ್ಸ್ ಸೇರಿ ಲಂಡನ್ನಿನಿಂದ ಬಹ್ರೇನ್ ಮೂಲಕ ಸಿಂಗಪುರಕ್ಕೆ ಕಾಂಕಾರ್ಡ್ ಹಾರಿಸಿದವು. ಮಲೇಷ್ಯಾ ಸದ್ದಿನ ಕಾರಣಕ್ಕೆ ತಕರಾರೆತ್ತಿತು. ಭಾರತ ತನ್ನ ಆಕಾಶದಲ್ಲಿ ಶಬ್ದದ ವೇಗ ಮೀರಲು ಒಪ್ಪಲಿಲ್ಲ. ನಡುವೆ ನಿಂತು, ಮತ್ತೆ ಶುರುವಾಗಿ, ಗಿಟ್ಟುವುದಿಲ್ಲವೆಂದು 1980ರಲ್ಲಿ ಆ ಮಾರ್ಗ ಮುಚ್ಚಿತು.

ನನ್ನ ಮುಂಬೈ–ಲಂಡನ್ ಹಾರಾಟ ಇರಾನ್, ತುರ್ಕಿ, ಯುರೋಪಿನ ಅರ್ಧ ಭಾಗದ ಮೇಲೆ ಸಿಡಿಲು ಎಳೆದುಕೊಂಡು ಹೋಯಿತು. ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ಈಗ ಇಡೀ ಭೂಮಿ ಇದೆ, ಉಪಗ್ರಹ ಚಿತ್ರಗಳಿಂದ ತೆಗೆದ ಊರುಗಳಿವೆ, ನಮ್ಮ ಹಳೆಯ ಓಣಿಯನ್ನೂ ಹುಡುಕಿ ತೋರಿಸಬಹುದು. ಆದರೆ ಆ ಓಣಿಯಲ್ಲಿ ಮಧ್ಯಾಹ್ನ ಮಲಗಿದ ಮಗು ಇಲ್ಲ. ಹಾಗಾಗಿ ಅಲ್ಲಿ ಎಲ್ಲ ಸೂಪರ್‌ಸಾನಿಕ್ ವಿಮಾನಗಳೂ ಯಶಸ್ವಿ. ಹಾಗೆ ಗೆದ್ದ ವಿಮಾನವನ್ನು ಹಾರಿಸಿ ಎದ್ದವನಿಗೆ, ಇಂಥ ಒಳ್ಳೆಯದನ್ನು ಯಾರು ಹಾಳು ಮಾಡಿದರು ಎಂಬ ಸಿಟ್ಟು ಬರುವುದು ಸಹಜ. ಉತ್ತರವೂ ಸಿದ್ಧವಾಗಿರುತ್ತದೆ: ರಾಜಕಾರಣಿಗಳು, ಪರಿಸರವಾದಿಗಳು. 1971ರ ಮಾರ್ಚ್ 24ರಂದು ಅಮೆರಿಕದ ಸೆನೆಟ್ ದುಡ್ಡು ನಿಲ್ಲಿಸಿದ್ದು ನಿಜ. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದೂ ನಿಜ. ಮೇಲಿನ ಓಜೋನ್ ಪದರದ ಭಯವಿತ್ತು, ಸದ್ದಿನ ಭಯವಿತ್ತು, ಖರ್ಚು ಏರುತ್ತಲೇ ಇತ್ತು. ಆದರೆ ಸೆನೆಟಿಗಿಂತ ಎರಡು ವರ್ಷ ಮೊದಲೇ ಹೊರಳುವ ರೆಕ್ಕೆಯನ್ನು ಕೊಂದದ್ದು ಬೋಯಿಂಗಿನದೇ ತಕ್ಕಡಿ. ಅಂತರ್ಜಾಲದಲ್ಲಿ ಹಂಚಿಕೆಯಾಗುವ ಈ ವಿಮಾನದ ಮಾದರಿಗಳ ಜೊತೆಗಿನ ಟಿಪ್ಪಣಿಯಲ್ಲಿ ಮೊದಲನೆಯದು ಎದ್ದು ಕಾಣುತ್ತದೆ, ಎರಡನೆಯದು ಬಹಳ ಸಲ ಇರುವುದೇ ಇಲ್ಲ.

ಈ ಜಾತಿಯ ಬೇರೆ ವಿಮಾನಗಳದ್ದೂ ಇದೇ ಪಾಡು. 2001ರಲ್ಲಿ ಬೋಯಿಂಗ್ ಸಾನಿಕ್ ಕ್ರೂಸರ್ ಎಂಬುದರ ಚಿತ್ರ ತೋರಿಸಿತು, ಶಬ್ದದ ವೇಗಕ್ಕೆ ತುಸು ಕಡಿಮೆ. ಚೆಂದದ ಚಿತ್ರಗಳು ಬಂದಷ್ಟು ಅಂಕಿಗಳು ಹೊರಬರಲಿಲ್ಲ. 2002ರ ಕೊನೆಗೆ ಅದನ್ನು ಬಿಟ್ಟರು. ವಿಮಾನ ಕಂಪನಿಗಳಿಗೆ ಬೇಕಾದದ್ದು ಒಂದು ಗಂಟೆಯ ಉಳಿತಾಯವಲ್ಲ, ಇಂಧನದ ಉಳಿತಾಯ. ಅದರಿಂದ ಹುಟ್ಟಿದ್ದು ಇವತ್ತಿನ 787. ಸಿಮ್ಯುಲೇಟರಿನಲ್ಲಿ ಇಂಧನ ಪುಕ್ಕಟೆ, ಆದ್ದರಿಂದ ಅಲ್ಲಿ ಸಾನಿಕ್ ಕ್ರೂಸರ್ ಯಾಕೆ ಬೇಡವಾಯಿತು ಎಂದು ಯಾರಿಗೂ ತಿಳಿಯುವುದೇ ಇಲ್ಲ. 1980ರ ದಶಕದ 7ಜೆ7, ಹೊರಗೆ ಬಿಚ್ಚಿಟ್ಟ ಪಂಖಗಳ ಎಂಜಿನ್ನಿನದು, ಇದಕ್ಕೆ ತದ್ವಿರುದ್ಧ. ಅದು ಇಂಧನ ಉಳಿಸಲೆಂದೇ ಹೊರಟಿತ್ತು, ಅಷ್ಟರಲ್ಲಿ ಎಣ್ಣೆಯ ಬೆಲೆಯೇ ಬಿದ್ದುಹೋಯಿತು. ಇದನ್ನೂ ಪರದೆಯ ಮೇಲೆ ತೋರಿಸುವುದು ಹೇಗೆ?

ಹೈದರಾಬಾದಿನ ಗೆಳೆಯನ ಹತ್ತಿರ ಇದನ್ನೆಲ್ಲ ಹೇಳಿದೆ. ಅವನೂ ನಮ್ಮ ಸಾಗರದ ಕಡೆಯವನೇ, ಇಪ್ಪತ್ತು ವರ್ಷದಿಂದ ಸಿಮ್ಯುಲೇಟರ್ ಹುಚ್ಚಿನವನು. "ಮಾರಾಯ, ಅದು ಆಟ ಕಣೋ" ಅಂದ. "ಆಫೀಸಿನಲ್ಲಿ ವಾರವಿಡೀ ಆಗದ ಕೆಲಸ ಮಾಡಿ ಬಂದವನಿಗೆ ಭಾನುವಾರವೂ ಆಗದ ವಿಮಾನ ಕೊಡ್ತೀಯಾ?"

ಇದು ತಳ್ಳಿಹಾಕುವ ಮಾತಲ್ಲ. ಈ ಮಾದರಿಗಳನ್ನು ಕಟ್ಟುವವರಲ್ಲಿ ಬಹಳಷ್ಟು ಜನ ಒಂದು ಪೈಸೆ ತೆಗೆದುಕೊಳ್ಳದೆ, ಹೆಸರನ್ನೂ ಸರಿಯಾಗಿ ಹಾಕಿಕೊಳ್ಳದೆ ಹಂಚುತ್ತಾರೆ. ಅವರ ಮೇಲೆ ಇತಿಹಾಸಕಾರನ ಹೊರೆ ಹೊರಿಸಲು ನಾನ್ಯಾರು? ಆದರೆ ಗೆಳೆಯನ ಮಾತಿನಲ್ಲಿ ಒಂದು ಸಂದೇಹ ಉಳಿಯುತ್ತದೆ. ಬರೀ ಆಟವೇ ಆಗಿದ್ದರೆ ನಾವು ನಕ್ಷೆ ಹುಡುಕುವುದೇಕೆ? ಕಿಟಕಿಯ ಲೆಕ್ಕ ತಪ್ಪಿದರೆ ಒಬ್ಬರಿಗೊಬ್ಬರು ಪತ್ರ ಬರೆದು ತಿದ್ದುವುದೇಕೆ? ಚಕ್ರ ಮಡಚುವ ಕ್ರಮ ಸರಿಯಿಲ್ಲವೆಂದು ವಾರಗಟ್ಟಲೆ ಜಗಳವಾಡುವ ಜನ ನಾವು. ಕಿಟಕಿಗೆ ಇಷ್ಟು ನಿಷ್ಠೆ ತೋರಿಸಿ ತೂಕಕ್ಕೆ ಬಂದಾಗ ಆಟ ಎನ್ನುವುದು ನನಗೆ ಒಗ್ಗುವುದಿಲ್ಲ. ಅಲ್ಲದೆ ಇವತ್ತು 2707ರ ಬಗ್ಗೆ ಹದಿನೈದು ವರ್ಷದ ಹುಡುಗನೊಬ್ಬನಿಗೆ ಗೊತ್ತಾಗುವುದು ಪುಸ್ತಕದಿಂದಲ್ಲ, ಇಂಥ ಮಾದರಿಯಿಂದ, ಅದನ್ನು ಹಾರಿಸಿದವರ ವೀಡಿಯೋದಿಂದ. ಮರದಲ್ಲಿ ಕಟ್ಟಿದ್ದ ಪೂರ್ಣಗಾತ್ರದ 2707 ಯೋಜನೆ ನಿಂತ ಮೇಲೆ ಕೈ ಬದಲಾಯಿಸುತ್ತ ಹೋಯಿತು, ಅದರ ಮುಂಭಾಗ ಬಹಳ ವರ್ಷ ಕ್ಯಾಲಿಫೋರ್ನಿಯಾದ ಹಿಲ್ಲರ್ ವಸ್ತುಸಂಗ್ರಹಾಲಯದಲ್ಲಿತ್ತು. ಆ ಮರದ ಮೂಗಿಗಿಂತ ಹೆಚ್ಚು ಜನ ನೋಡುವುದು ನಮ್ಮ ಪರದೆಯ ವಿಮಾನವನ್ನು.

ಅಸಲಿಗೆ ಹಾರದ ವಿಮಾನವನ್ನು ಸಿಮ್ಯುಲೇಟರಿನಲ್ಲಿ ಹಾರಿಸುವ ಕೆಲಸ ಶುರು ಮಾಡಿದ್ದು ಹವ್ಯಾಸಿಗಳಲ್ಲ. 1960ರ ದಶಕದಲ್ಲಿ ನಾಸಾ ಬೋಯಿಂಗಿನ ಹಳೆಯ 367-80 ವಿಮಾನದ ಹತೋಟಿಗಳನ್ನು ಕಂಪ್ಯೂಟರಿನ ಮೂಲಕ ಬದಲಿಸಿ, ಅದು ಸೂಪರ್‌ಸಾನಿಕ್ ವಿಮಾನದಂತೆ ವರ್ತಿಸುವ ಹಾಗೆ ಮಾಡಿ, ಇಳಿಸುವುದು ಎಷ್ಟು ಕಷ್ಟ ಎಂದು ಪೈಲಟ್‌ಗಳಿಂದ ಪರೀಕ್ಷೆ ಮಾಡಿಸಿತು. ಲ್ಯಾಂಗ್ಲಿಯ ಪ್ರಯೋಗಾಲಯದ ಕಾಕ್‌ಪಿಟ್ಟನ್ನು ಅಟ್ಲಾಂಟಿಕ್ ಸಿಟಿಯ ವಿಮಾನ ಸಂಚಾರ ನಿಯಂತ್ರಣದ ಪ್ರಯೋಗಾಲಯಕ್ಕೆ ಜೋಡಿಸಿ, ಇಂಥ ವಿಮಾನ ಉಳಿದ ವಿಮಾನಗಳ ಸಾಲಿನಲ್ಲಿ ಹೇಗೆ ಹೊಂದುತ್ತದೆ ಎಂದೂ ನೋಡಿದರು. ಅವರು ಹಾರಿಸಿದ್ದು ತಪ್ಪು ಹುಡುಕಲು. ಅದೇ ಯಂತ್ರ, ಅದೇ ವಿಮಾನ, ಅದೇ ಸಮೀಕರಣ. ನಾವು ಹಾರಿಸುವುದು ತಪ್ಪು ಮುಚ್ಚಲು. ನನಗೆ ಬೇಜಾರಾದದ್ದು ಇಲ್ಲಿ.

ಹಳಗನ್ನಡದ ಗ್ರಂಥಸಂಪಾದನೆಯನ್ನು ನೋಡಿದವರಿಗೆ ನಾನು ಕೇಳುತ್ತಿರುವುದು ಹೊಸದೆನಿಸಲಾರದು. ಓಲೆಗರಿಯ ತುದಿ ಮುರಿದಿದ್ದರೆ ಸಂಪಾದಕರು ಅಲ್ಲಿ ಚುಕ್ಕೆ ಇಡುತ್ತಾರೆ. ತಾವು ಊಹಿಸಿದ ಅಕ್ಷರವನ್ನು ಕಂಸದಲ್ಲಿ ಹಾಕುತ್ತಾರೆ. ಎರಡು ಪ್ರತಿ ಎರಡು ಮಾತು ಹೇಳಿದರೆ ಅಡಿಯಲ್ಲಿ ಪಾಠಾಂತರ ಕೊಡುತ್ತಾರೆ. ಪದ್ಯ ಓದುವ ಸುಖಕ್ಕೆ ಇದರಿಂದ ಭಂಗವೇನೂ ಬಂದಿಲ್ಲ. ವಿಮಾನದ ಕಡತದಲ್ಲೂ ಹಾಗೆ ಮಾಡಬಹುದು. ಈ ಅಂಕಿ ಬೋಯಿಂಗಿನ ವರದಿಯದು, ಇದು ಗಾಳಿಸುರಂಗದ ಪರೀಕ್ಷೆಯದು, ಇದು ಕಾಂಕಾರ್ಡ್‌ನಿಂದ ಕಡ ತಂದದ್ದು, ಇದು ನನ್ನದೇ ಅಂದಾಜು. ನಾಸಾದ ಹಳೆಯ ವರದಿಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ, ಸ್ಕ್ಯಾಟ್ ಎಂಬ ಹೆಸರಿನ ಸರಣಿಯ ರೆಕ್ಕೆಗಳನ್ನು ಸುರಂಗದಲ್ಲಿಟ್ಟು ಅಳೆದ ಕೋಷ್ಟಕಗಳ ಸಹಿತ. ನನ್ನ ಕಡತಕ್ಕೆ ಹೀಗೆ ಗುರುತು ಹಾಕುತ್ತ ಕುಳಿತಾಗ ಅರ್ಧಕ್ಕಿಂತ ಹೆಚ್ಚು ಅಂಕಿಗಳ ಮುಂದೆ "ನನ್ನ ಅಂದಾಜು" ಎಂದೇ ಬರೆಯಬೇಕಾಯಿತು. ಕೆಲವು ಯಾಕೆ ಹಾಕಿದ್ದೆ ಎಂಬುದೂ ನೆನಪಿರಲಿಲ್ಲ. ಒಂದನ್ನು ಯಾಕೆ ಹಾಕಿದ್ದೆ ಎಂದು ಚೆನ್ನಾಗಿ ನೆನಪಿತ್ತು: ಇಳಿಯುವಾಗ ವಿಮಾನ ಮೂಗು ಕುಕ್ಕುತ್ತಿತ್ತು, ಅದು ನಿಲ್ಲುವವರೆಗೆ ಅಂಕಿ ಏರಿಸುತ್ತ ಹೋಗಿದ್ದೆ. ಆ ಮೂಗು ಕುಕ್ಕುವುದನ್ನು ನಿಲ್ಲಿಸಲು ಆಗದೆ ಬೋಯಿಂಗಿನವರು ಇನ್ನೊಂದು ರೆಕ್ಕೆ ಹಚ್ಚಿದ್ದಿರಬಹುದು. ನಾನು ಅವರ ಕಷ್ಟದ ನಿಜವಾದ ಪುರಾವೆಯನ್ನೇ ಒರೆಸಿಹಾಕಿದ್ದೆನೋ, ಇಲ್ಲಾ ನನ್ನದೇ ಬೇರೊಂದು ತಪ್ಪನ್ನು ಮುಚ್ಚಿದ್ದೆನೋ, ಈಗ ತಿಳಿಯುವ ದಾರಿಯಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ವಿಷಯವನ್ನೂ ಹೇಳಬೇಕು, ಯಾಕೆಂದರೆ ಗೆಳೆಯನ ಮುಂದಿನ ಪ್ರಶ್ನೆ ಅದೇ ಆಗಿತ್ತು. ಬೆಂಗಳೂರಿನ ರಾಷ್ಟ್ರೀಯ ಅಂತರಿಕ್ಷಯಾನ ಪ್ರಯೋಗಾಲಯ, ಎಲ್ಲರೂ ಎನ್‌ಎಎಲ್ ಎನ್ನುವುದು, 70ರಿಂದ 90 ಆಸನಗಳ ಪ್ರಾದೇಶಿಕ ವಿಮಾನವೊಂದರ ಪ್ರಸ್ತಾಪವನ್ನು ವರ್ಷಗಳಿಂದ ಇಟ್ಟುಕೊಂಡಿದೆ. ಆರ್‌ಟಿಎ ಎಂದು ಅದರ ಹೆಸರು. ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ನೋಯಿಸಿಕೊಳ್ಳುವ ನಮ್ಮಂಥವರಿಗೆ ಆ ಗಾತ್ರದ ವಿಮಾನ ಎಂದರೆ ಬಾಯಲ್ಲಿ ನೀರೂರುವುದು ಸಹಜ. "ನೀನು ಅದನ್ನು ಕಟ್ಟು, ನಾನು ಶಿವಮೊಗ್ಗದಲ್ಲಿ ಇಳಿಸ್ತೀನಿ" ಅಂದ ಅವನು.

ನಾನು ಒಪ್ಪಲಿಲ್ಲ. ಸಾಮಗ್ರಿ ಇಲ್ಲ ಎಂಬುದು ಒಂದು ಕಾರಣ: ಸಾರ್ವಜನಿಕರಿಗೆ ಸಿಗುವ ಚಿತ್ರ, ಆಸನಸಂಖ್ಯೆಗಳಿಂದ ಅಂಥ ವಿಮಾನ ಕಟ್ಟಿದರೆ ಅದು ಬಣ್ಣ ಬದಲಿಸಿದ ಎಟಿಆರ್ ಆಗುತ್ತದೆ, ಅಷ್ಟೆ. ಇನ್ನೊಂದು ಕಾರಣ ಸಾರಸ್. ಅದೇ ಎನ್‌ಎಎಲ್ ಕಟ್ಟಿದ 14 ಆಸನದ ಪುಟ್ಟ ವಿಮಾನ, 2004ರ ಮೇ 29ರಂದು ಮೊದಲ ಬಾರಿ ಹಾರಿತು. ಮೊದಲ ಮಾದರಿ ಅಂದುಕೊಂಡದ್ದಕ್ಕಿಂತ ಒಂದು ಟನ್ನಿನ ಹತ್ತಿರ ಹೆಚ್ಚು ತೂಗಿತು. ಐದು ಟನ್ನಿನ ವಿಮಾನದಲ್ಲಿ ಒಂದು ಟನ್! 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಹತ್ತಿರ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಕಾಗದದ ಮೇಲಿನ ವಿಮಾನಕ್ಕೂ ತಕ್ಕಡಿಯ ಮೇಲಿನ ವಿಮಾನಕ್ಕೂ ಇರುವ ಅಂತರವನ್ನು ನಮ್ಮ ಊರೇ ಹತ್ತಿರದಿಂದ ನೋಡಿದೆ. ಅಂಥದ್ದರಲ್ಲಿ ನಾನು ಆರ್‌ಟಿಎ ಕಟ್ಟಿ, ಅದು ಶಿವಮೊಗ್ಗದಲ್ಲಿ ಹೂವಿನಂತೆ ಇಳಿಯುವ ವೀಡಿಯೋ ಹಾಕಿದರೆ ಕೆಳಗೆ ಬರುವ ಮಾತುಗಳು ಯಾವುವೆಂದು ನನಗೆ ಗೊತ್ತು. ನಮ್ಮವರಿಗೆ ಎಲ್ಲ ಬರುತ್ತದೆ, ಫೈಲು ತಳ್ಳುವವರು ಬಿಡುವುದಿಲ್ಲ ಎಂಬುದು. ಫೈಲು ನಿಂತಿರಬಹುದು. ಆದರೆ ನನ್ನ ಸುಳ್ಳು ತೂಕದ ವಿಮಾನ ಅದಕ್ಕೆ ಸಾಕ್ಷಿಯಾಗಬಾರದು. ಪರದೇಶದ ವಿಮಾನದಲ್ಲೇ ಆಸೆ ನನ್ನ ಕೈ ಹಿಡಿದು ಅಂಕಿ ಬರೆಸಿತು, ನಮ್ಮದೇ ವಿಮಾನದಲ್ಲಿ ಬಿಟ್ಟೀತೇ?

ಎನ್‌ಎಎಲ್ ಎಂದಾದರೂ ಕೈಬಿಟ್ಟ ವಿನ್ಯಾಸಗಳ ಗಾಳಿಸುರಂಗದ ಕೋಷ್ಟಕಗಳನ್ನು, ನಾಸಾ ಮಾಡಿದಂತೆ, ಎಲ್ಲರಿಗೂ ತೆರೆದಿಟ್ಟರೆ ಆ ದಿನ ಕೂತು ಕಟ್ಟುತ್ತೇನೆ. ಮೂಗು ಕುಕ್ಕಿದರೆ ಕುಕ್ಕಲಿ.

ಸದ್ಯಕ್ಕೆ 2707ರ ಕಡತವನ್ನು ತಿದ್ದಿದ್ದೇನೆ. ಖಾಲಿ ತೂಕ ಏರಿಸಿದೆ, ಎಷ್ಟು ಮತ್ತು ಯಾಕೆ ಎಂದು ಪಕ್ಕದಲ್ಲಿ ಬರೆದೆ. ಮೂಗಿನ ಅಂಕಿಯನ್ನು ಮೊದಲಿದ್ದಲ್ಲಿಗೆ ಇಳಿಸಿದೆ. ಜರೋಖಾ ಕಮಾನು ಹಾಗೇ ಇದೆ, ಅದನ್ನು ಅಳಿಸಲು ಮನಸ್ಸಾಗಲಿಲ್ಲ. ಕಳೆದ ಭಾನುವಾರ ಪೂರ್ತಿ ಪ್ರಯಾಣಿಕರನ್ನು ತುಂಬಿಕೊಂಡು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟೆ. ಅದರ ಹುಟ್ಟಿಗೆ ಕಾರಣವಾದ ಮಾರ್ಗವೇ ಅದು, 5800 ಕಿಲೋಮೀಟರಿಗಿಂತ ತುಸು ಹೆಚ್ಚು. ಐರ್ಲೆಂಡಿನ ಕರಾವಳಿ ಕಾಣುವ ಹೊತ್ತಿಗೆ ಇಂಧನದ ಮುಳ್ಳು ನೋಡಿ ಪ್ಯಾರಿಸ್ ಬಿಟ್ಟೆ. ರೆಕ್ಕೆ ಮುಂದಕ್ಕೆ ಚಾಚಿ, ಕುಕ್ಕುವ ಮೂಗನ್ನು ಎಳೆದು ಹಿಡಿದುಕೊಂಡು, ಮೂರನೆಯ ಪ್ರಯತ್ನಕ್ಕೆ ಶಾನನ್‌ನಲ್ಲಿ ಇಳಿಸಿದೆ. ಎರಡು ಟೈರು ಹೋದವು.